ಗುಣವಾದ ಮಗುವಿನ ಕೈಗೆ ಒಂದು ಹಾಳೆ

ಎಲ್ಲರಿಗೂ ನಮಸ್ಕಾರ.

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಎಂದರೇನು ಎಂದು ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ಬೆನ್ನಿಗೆ ಚುಚ್ಚುವ ಸೂಜಿ, ವಾರವಾರದ ಬ್ಲಡ್ ಕೌಂಟ್, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುವುದು, ಇವೆಲ್ಲ ನಿಮ್ಮಲ್ಲಿ ಬಹಳ ಜನರಿಗೆ ಬಾಯಿಪಾಠ. ಹಸಿವು ಕೆರಳಿಸುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುವ ವಾರದಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಊಟ ಕೇಳುತ್ತಿದ್ದ ಮಕ್ಕಳ ತಾಯಂದಿರು ಮುಂದಿನ ಸಾಲಿನಲ್ಲೇ ಕೂತು ನಗುತ್ತಿದ್ದಾರೆ. ನಗಿ ತಾಯಂದಿರೇ, ಆಗ ನಗುವುದಕ್ಕೆ ನಿಮಗೆ ಪುರುಸೊತ್ತೆಲ್ಲಿತ್ತು?

ಸಂಘಟಕರು ನನಗೆ ಕೊಟ್ಟ ವಿಷಯ ಚಿಕಿತ್ಸೆಯಲ್ಲಿ ಆಗಿರುವ ಹೊಸ ಸಂಶೋಧನೆಗಳು. ಅದಕ್ಕೂ ಬರುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಇವತ್ತು ನಾನು ಬಂದಿರುವುದು ಒಂದು ಹಾಳೆಗಾಗಿ ವಾದ ಮಾಡಲಿಕ್ಕೆ. ಚಿಕಿತ್ಸೆ ಮುಗಿದ ದಿನ ಮಗುವಿನ ಕೈ ಸೇರಬೇಕಾದ ಹಾಳೆ ಅದು. ಯಾವ ಯಾವ ಔಷಧ ಕೊಟ್ಟರು, ಒಟ್ಟು ಡೋಸ್ ಎಷ್ಟಾಯಿತು, ರೇಡಿಯೇಷನ್ ಕೊಟ್ಟಿದ್ದರೆ ಯಾವ ಜಾಗಕ್ಕೆ ಎಷ್ಟು, ಮುಂದೆ ಯಾವ ಪರೀಕ್ಷೆ ಯಾವಾಗ ಮಾಡಿಸಬೇಕು. ಬರೆಯಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಸಿಗದೆ ಎಷ್ಟೋ ಮಕ್ಕಳು ‘ಗುಣವಾಗಿದೆ, ಹೋಗಿ ಬನ್ನಿ’ ಎಂಬ ಒಂದೇ ಮಾತು ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1947ರವರೆಗೆ ಈ ಕಾಯಿಲೆಯನ್ನು ತಡೆದು ನಿಲ್ಲಿಸುವ ಔಷಧವೇ ಇರಲಿಲ್ಲ. ಬಾಸ್ಟನ್ನಿನಲ್ಲಿ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು ಫೋಲಿಕ್ ಆಸಿಡ್ ಎಂಬ ವಿಟಮಿನ್ ಕೊಟ್ಟು ನೋಡಿದಾಗ ಕಾಯಿಲೆ ಇನ್ನೂ ಜೋರಾಯಿತು. ಹಾಗಿದ್ದರೆ ಫೋಲಿಕ್ ಆಸಿಡ್‌ನ ಕೆಲಸಕ್ಕೇ ಅಡ್ಡಬರುವ ಔಷಧ ಕೊಟ್ಟರೆ? ಆ ಔಷಧ ಲೆಡರ್ಲೆ ಪ್ರಯೋಗಾಲಯದಿಂದ ಬಂತು, ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಅದೇ ಅಮಿನೋಪ್ಟೆರಿನ್. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ಲೇಖನದಲ್ಲಿ 16 ಮಕ್ಕಳಿದ್ದರು, ಅವರಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಚೇತರಿಕೆ ಉಳಿದದ್ದು ತಿಂಗಳುಗಳ ಮಟ್ಟಿಗೆ. ಸುಬ್ಬರಾವ್ ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು, ತಮ್ಮ ಕೆಲಸ ಎಲ್ಲಿಗೆ ಮುಟ್ಟಿತು ಎಂದು ನೋಡಲಿಲ್ಲ. ಮೇಂಟೆನೆನ್ಸ್‌ನಲ್ಲಿ, ಅಂದರೆ ಕಾಯಿಲೆ ಮರಳದಂತೆ ಕೊಡುವ ಕೊನೆಯ ಹಂತದ ಚಿಕಿತ್ಸೆಯಲ್ಲಿ, ಮಕ್ಕಳು ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಆ ಔಷಧದ ವಂಶದ್ದೇ.

ಆಮೇಲಿನದು ನಿಮಗೆ ಗೊತ್ತು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಮರ್ಕ್ಯಾಪ್ಟೋಪ್ಯೂರಿನ್ 1953ರಲ್ಲಿ ಬಂತು. ಕಾಶಿ ಕಣಗಿಲೆ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು. ಒಂದೊಂದೇ ಔಷಧ ಸಾಲದು, ಎಲ್ಲವನ್ನೂ ಒಟ್ಟಿಗೆ ಕೊಡಬೇಕು ಎಂಬ ಧೈರ್ಯ ಬಂತು. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಒಂದು ಮುಖ್ಯ ವಿಷಯ ಹಿಡಿದರು. ರಕ್ತದಲ್ಲಿ ಕಾಯಿಲೆ ಮಾಯವಾದರೂ ಮೆದುಳು, ಬೆನ್ನುಹುರಿಯ ಸುತ್ತ ಅವಿತ ಕಣಗಳಿಂದ ಅದು ಮರುಕಳಿಸುತ್ತಿತ್ತು. ಅದಕ್ಕೆ ತಲೆಗೆ 24 ಗ್ರೇ (ಗ್ರೇ ಎಂದರೆ ರೇಡಿಯೇಷನ್ ಅಳೆಯುವ ಮಾನ) ರೇಡಿಯೇಷನ್, ಬೆನ್ನಿಗೆ ಮೆಥೋಟ್ರೆಕ್ಸೇಟ್. 60ರ ದಶಕದ ಕೊನೆಯಲ್ಲಿ ಶುರುವಾದ ಆ ಅಧ್ಯಯನದಲ್ಲಿ ಮೊದಲ ಬಾರಿಗೆ ಅರ್ಧದಷ್ಟು ಮಕ್ಕಳು ನಿಜವಾಗಿ ಗುಣವಾದರು. ಸೇಂಟ್ ಜೂಡ್ ಬಾಗಿಲು ತೆರೆದ 1962ರಲ್ಲಿ ಬದುಕುಳಿಯುತ್ತಿದ್ದವರು ನೂರಕ್ಕೆ 4 ಮಕ್ಕಳು. ಆ ಕಾಲದ ತಂದೆತಾಯಿಗಳು ರೇಡಿಯೇಷನ್‌ಗೆ ಬೇಡ ಎನ್ನುವ ಪ್ರಶ್ನೆಯೇ ಇರಲಿಲ್ಲ.

ಆದರೆ ಆ ಮಕ್ಕಳು ಬೆಳೆದರು. ಶಾಲೆಯಲ್ಲಿ ಲೆಕ್ಕ ತಡವಾಯಿತು, ಎತ್ತರ ನಿಂತುಹೋಯಿತು. ತಲೆಗೆ ಬಿದ್ದ ಕಿರಣ ಬೆಳವಣಿಗೆಯ ಹಾರ್ಮೋನನ್ನು ತಡೆಯುತ್ತದೆ, ದಶಕಗಳ ನಂತರ ಮೆದುಳಿನ ಹೊರಪೊರೆಯಲ್ಲಿ ಗಡ್ಡೆ ಬರಬಹುದು ಎಂದು ತಿಳಿಯಿತು. ಹೇಗೆ ತಿಳಿಯಿತು? ಯಾರೋ ಆ ಮಕ್ಕಳ ಬೆನ್ನು ಬಿಡದೆ, ವರ್ಷವರ್ಷ ಕರೆದು ನೋಡಿದ್ದರಿಂದ ತಿಳಿಯಿತು. ತಿಳಿದದ್ದರಿಂದಲೇ 24 ಇದ್ದದ್ದು 18 ಆಯಿತು, 12 ಆಯಿತು. 2000ದಿಂದ 2007ರವರೆಗೆ ಸೇಂಟ್ ಜೂಡ್‌ನಲ್ಲಿ ನಡೆದ ಟೋಟಲ್ 15 ಎಂಬ ಅಧ್ಯಯನದಲ್ಲಿ ಯಾವ ಮಗುವಿಗೂ ಮುನ್ನೆಚ್ಚರಿಕೆಯ ರೇಡಿಯೇಷನ್ ಕೊಡಲಿಲ್ಲ. 5 ವರ್ಷ ಬದುಕುಳಿದವರು ಶೇಕಡಾ 93.5. ಬೆನ್ನಿನ ಸೂಜಿ ಮತ್ತು ಔಷಧಗಳೇ ಸಾಕಾದವು. ಇವತ್ತು ನಿಮ್ಮ ಮಗುವಿನ ತಲೆಗೆ ರೇಡಿಯೇಷನ್ ಬೇಡ ಎಂದು ಡಾಕ್ಟರು ಹೇಳಿದ್ದರೆ, ಅದಕ್ಕೆ ಕಾರಣ 70ರ ದಶಕದಲ್ಲಿ ಗುಣವಾಗಿ, ಆಮೇಲೂ ಮತ್ತೆ ಮತ್ತೆ ಬಂದು ಪರೀಕ್ಷೆಗೆ ಕೂತ ಮಕ್ಕಳು. ಫಾಲೋಅಪ್ ಎಂದರೆ ಬರೀ ಚೆಕಪ್ ಎಂದುಕೊಂಡವರು ಈ ಮಾತನ್ನು ದಯವಿಟ್ಟು ಮರೆಯಬೇಡಿ.

ಈಗ ಒಬ್ಬಳ ಕಥೆ ಹೇಳಬೇಕು. ಇದನ್ನು ನನ್ನ ಬಾಯಿಂದ ಮೊದಲೇ ಕೇಳಿದವರೂ ಇಲ್ಲಿದ್ದಾರೆ, ಇನ್ನೊಮ್ಮೆ ಕೇಳಿ.

ಹೃದಯದ ಡಾಕ್ಟರಾಗಿರುವ ಗೆಳೆಯರೊಬ್ಬರು ಫೋನ್ ಮಾಡಿದರು. 26 ವರ್ಷದ ಹುಡುಗಿ, ಏಳು ತಿಂಗಳ ಬಸುರಿ, ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇರುತ್ತಾಳೆ. ಬಸುರಿನಲ್ಲಿ ಏದುಸಿರು ಸಹಜ ಎಂದು ಮೊದಲು ಯಾರೋ ಸಮಾಧಾನ ಹೇಳಿ ಕಳಿಸಿದ್ದಾರೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರೆ ಹೃದಯ ಅರ್ಧ ಶಕ್ತಿಯಲ್ಲಿ ಬಡಿಯುತ್ತಿದೆ. ಹಿಂದೆ ಏನಾದರೂ ಕಾಯಿಲೆ ಇತ್ತೇನಮ್ಮ ಎಂದು ಕೇಳಿದ್ದಕ್ಕೆ ಅವಳು, ‘ನಾಲ್ಕು ವರ್ಷದವಳಿದ್ದಾಗ ರಕ್ತದ್ದೇನೋ ಇತ್ತಂತೆ ಸರ್, ಆಗಲೇ ವಾಸಿಯಾಗಿದೆ’ ಎಂದಿದ್ದಾಳೆ. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಕೇಳಿದೆವು. ಅಷ್ಟು ಹಳೆಯ ಫೈಲ್‌ಗಳನ್ನು ಇಟ್ಟಿಲ್ಲ ಎಂಬ ಉತ್ತರ ಬಂತು.

ಮರುದಿನ ಅವಳ ಅಮ್ಮ ಬಂದರು. ಸೆರಗಿನ ಕೆಳಗೆ ಒಂದು ನೋಟ್‌ಬುಕ್. ಹುಡುಗಿಯ ಅಣ್ಣನ ಶಾಲೆಯ ಪುಸ್ತಕ ಅದು, ಮುಂದಿನ ಹಾಳೆಗಳಲ್ಲಿ ಮಗ್ಗಿ. ತಿರುಗಿಸಿ ಹಿಡಿದರೆ ಹಿಂದಿನಿಂದ ಅಮ್ಮನ ಬರವಣಿಗೆ ಶುರು. ಮೊದಲ ಪುಟದಲ್ಲಿ ಪ್ರೋಟೊಕಾಲ್‌ನ, ಅಂದರೆ ಚಿಕಿತ್ಸೆಯ ನಿಗದಿತ ಕ್ರಮದ, ಹೆಸರನ್ನು ಕೇಸ್‌ಶೀಟ್ ನೋಡಿಕೊಂಡು ಅಕ್ಷರ ಅಕ್ಷರ ಬಿಡಿಸಿ ಬರೆದುಕೊಂಡಿದ್ದಾರೆ. ಆಮೇಲೆ ದಿನಾಂಕ, ತೂಕ, ಹಿಮೋಗ್ಲೋಬಿನ್. ‘ಇವತ್ತು ಬೆನ್ನಿಗೆ ಸೂಜಿ. ಅಳಲಿಲ್ಲ.’ ‘ಇವತ್ತು ಕೆಂಪು ಔಷಧ. ಮೂತ್ರ ಕೆಂಪಗೆ ಹೋಯಿತು, ಹೆದರಬೇಡಿ ಅಂದರು ಸಿಸ್ಟರ್.’ ಈ ಸಭೆಯಲ್ಲಿರುವ ನರ್ಸ್‌ಗಳು ತಲೆಯಾಡಿಸುತ್ತಿದ್ದಾರೆ, ಅವರಿಗೆ ಗೊತ್ತಾಯಿತು. ಡಾಕ್ಸೊರುಬಿಸಿನ್, ಹೃದಯಕ್ಕೆ ಪೆಟ್ಟು ಕೊಡಬಲ್ಲ ಕೀಮೋ ಔಷಧ. ನಾವಿಬ್ಬರು ಡಾಕ್ಟರುಗಳು ಮೇಜಿನ ಮೇಲೆ ಆ ಪುಸ್ತಕ ಹರಡಿಕೊಂಡು ಕೆಂಪು ಔಷಧ ಎಷ್ಟು ಸಲ ಎಂದು ಎಣಿಸಿದೆವು. ಎಂಟು ಸಲ. ಆ ಪ್ರೋಟೊಕಾಲ್‌ನಲ್ಲಿ ಸಲಕ್ಕೆ ಮೈಯ ಪ್ರತಿ ಚದರ ಮೀಟರಿಗೆ 30 ಮಿಲಿಗ್ರಾಂ. ಒಟ್ಟು 240. 250 ಮುಟ್ಟಿದವರನ್ನು ಹೃದಯದ ಮಟ್ಟಿಗೆ ಹೆಚ್ಚಿನ ಅಪಾಯದವರು ಎಂದು ಎಣಿಸುತ್ತೇವೆ. ಇವಳು ಅಂಚಿನಲ್ಲಿದ್ದಳು. ಜೊತೆಗೆ ಹೆಣ್ಣುಮಗು, ಚಿಕಿತ್ಸೆಯ ಹೊತ್ತಿಗೆ ಐದು ತುಂಬಿರಲಿಲ್ಲ. ಇವೆರಡೂ ಅಪಾಯವನ್ನು ಏರಿಸುತ್ತವೆ.

ಇನ್ನೂ ಮುಗಿಯಲಿಲ್ಲ. ಮಧ್ಯದಲ್ಲೊಂದು ಪುಟದಲ್ಲಿ ‘ತಲೆಗೆ ಕರೆಂಟು’ ಎಂದು ಹತ್ತು ದಿನ ಸಾಲಾಗಿ ಬರೆದಿದ್ದರು, ಅಂದರೆ ರೇಡಿಯೇಷನ್. ದಿನಕ್ಕೆ 1.8 ಎಂದು ಹಿಡಿದರೆ 18 ಗ್ರೇ. ಹುಡುಗಿ ಯಾಕೆ ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ ಎಂಬುದಕ್ಕೂ ಉತ್ತರ ಸಿಕ್ಕಿತು. ‘ತಿನ್ನೋದು ಕಮ್ಮಿ ಸರ್, ಅದಕ್ಕೇ’ ಎಂದು ಅಮ್ಮ ಇಷ್ಟು ವರ್ಷವೂ ಅಂದುಕೊಂಡಿದ್ದರು.

ಹೆರಿಗೆ ಸ್ವಲ್ಪ ಮುಂಚೆಯೇ ಆಯಿತು, ಹೃದಯದ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಅವಳು ದಿನಾ ಮಾತ್ರೆ ನುಂಗುತ್ತಾಳೆ. ಆದರೆ ನೋಡಿ, ಬಸುರಾಗುವ ಮೊದಲೇ ಒಂದು ಎಕೋ ಮಾಡಿಸಿದ್ದರೆ ಇದೆಲ್ಲ ಆಗಲೇ ಗೊತ್ತಾಗುತ್ತಿತ್ತು. ಹೃದಯಕ್ಕೆ ಕೊಡುವ ಕೆಲವು ಒಳ್ಳೆಯ ಮಾತ್ರೆಗಳನ್ನು ಬಸುರಿಯರಿಗೆ ಕೊಡುವಂತಿಲ್ಲ. ಮೊದಲೇ ತಿಳಿದಿದ್ದರೆ ಅವನ್ನು ಕೊಟ್ಟು ಹೃದಯವನ್ನು ಗಟ್ಟಿ ಮಾಡಿಕೊಳ್ಳಲು ಕಾಲ ಸಿಗುತ್ತಿತ್ತು. ಆ ಅಮ್ಮ ಪುಸ್ತಕ ಎಸೆಯದೆ ಇದ್ದದ್ದು ನಮ್ಮ ಪುಣ್ಯ. ಒಂದು ಜೀವದ ರಕ್ಷಣೆ ಪುಣ್ಯದ ಮೇಲೆ ನಿಲ್ಲಬಾರದು, ಆ ಹಾಳೆ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಅವಳೊಬ್ಬಳದೇ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1994ರಿಂದ ಬಾಲ್ಯದ ಕ್ಯಾನ್ಸರ್ ಗೆದ್ದವರ ದೊಡ್ಡ ಅಧ್ಯಯನ ನಡೆಯುತ್ತಿದೆ. ಅವರಲ್ಲಿ ಕೆಲವರನ್ನು ವಿಚಾರಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೆಂಪು ಔಷಧದ ಜಾತಿಯದೇ ಆದ ಡಾನೊರುಬಿಸಿನ್ ತೆಗೆದುಕೊಂಡವರಲ್ಲಿ ಹೆಸರು ಹೇಳಿ ಕೇಳಿದರೂ ನೆನಪಿದ್ದದ್ದು ಶೇಕಡಾ 30 ಜನರಿಗೆ, ಡಾಕ್ಸೊರುಬಿಸಿನ್ ತೆಗೆದುಕೊಂಡವರಲ್ಲಿ 52 ಜನರಿಗೆ. ಹಳೆಯ ಚಿಕಿತ್ಸೆಯಿಂದ ಮುಂದೆ ಗಂಭೀರ ತೊಂದರೆ ಬರಬಹುದು ಎಂದು ಅರಿತಿದ್ದವರು ಶೇಕಡಾ 35. ಅಷ್ಟು ಸೌಕರ್ಯವಿರುವ ಕಡೆಯಲ್ಲೇ ಹೀಗೆ. ಅದೇ ಅಧ್ಯಯನದ 2006ರ ವರದಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಅವರ ಸ್ವಂತ ಅಕ್ಕತಂಗಿ ಅಣ್ಣತಮ್ಮಂದಿರ ಜೊತೆ ಹೋಲಿಸಿತು. ಎಲ್ಲ ಬಗೆಯ ಬಾಲ್ಯದ ಕ್ಯಾನ್ಸರ್ ಸೇರಿದ ಲೆಕ್ಕ ಇದು: ಶೇಕಡಾ 62.3 ಜನರಿಗೆ ಒಂದಾದರೂ ದೀರ್ಘಕಾಲದ ತೊಂದರೆ, ಶೇಕಡಾ 27.5 ಜನರಿಗೆ ಅದು ತೀವ್ರ ಅಥವಾ ಪ್ರಾಣಕ್ಕೇ ಅಪಾಯ ತರುವಂಥದ್ದು. ಅವರ ಸರಾಸರಿ ವಯಸ್ಸು ಇನ್ನೂ 26ರ ಆಸುಪಾಸು.

ನಿಮ್ಮ ಮುಖಗಳು ಬಾಡಿದವು. ಹೆದರಿಸಲು ಹೇಳಲಿಲ್ಲ. ಆ ಅಂಕಿಗಳು 70, 80ರ ದಶಕದ ಚಿಕಿತ್ಸೆಯವು. 2016ರಲ್ಲಿ ಅದೇ ಅಧ್ಯಯನ ಇನ್ನೊಂದು ಲೆಕ್ಕ ಕೊಟ್ಟಿತು. 5 ವರ್ಷ ದಾಟಿದವರು ಮುಂದಿನ ಹದಿನೈದು ವರ್ಷದೊಳಗೆ ತೀರಿಕೊಳ್ಳುವ ಪ್ರಮಾಣ 70ರ ದಶಕದ ಆರಂಭದಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 12.4 ಇದ್ದದ್ದು, 90ರ ದಶಕದವರಲ್ಲಿ 6ಕ್ಕೆ ಇಳಿದಿತ್ತು. ಚಿಕಿತ್ಸೆಯನ್ನು ಎಲ್ಲಿ ಕಡಿಮೆ ಮಾಡಬಹುದು ಎಂದು ಗೊತ್ತಾದದ್ದು ಇದಕ್ಕೆ ಒಂದು ದೊಡ್ಡ ಕಾರಣ. ಹೃದಯದ ವಿಷಯದಲ್ಲೂ ಹಾಗೇ. 1991ರಲ್ಲಿ ಸ್ಟೀವನ್ ಲಿಪ್‌ಶುಲ್ಟ್ಜ್ ಅವರ ತಂಡ ಡಾಕ್ಸೊರುಬಿಸಿನ್ ಪಡೆದು ಗುಣವಾದ ಲ್ಯುಕೇಮಿಯಾ ಮಕ್ಕಳ ಹೃದಯ ನೋಡಿ, ಶೇಕಡಾ 57 ಮಕ್ಕಳಲ್ಲಿ ವ್ಯತ್ಯಾಸ ಕಂಡರು. ಮುಂದೆ ಅದೇ ತಂಡ ಡೆಕ್ಸ್‌ರಾಜೋಕ್ಸೇನ್ ಎಂಬ ರಕ್ಷಕ ಔಷಧವನ್ನು ಜೊತೆಗೆ ಕೊಟ್ಟು ನೋಡಿತು. 2004ರ ವರದಿಯಲ್ಲಿ, ಹೃದಯದ ಕಣಗಳಿಗೆ ಪೆಟ್ಟಾಗಿದೆ ಎಂದು ಹೇಳುವ ಟ್ರೋಪೊನಿನ್ ಏರಿದ್ದು ಆ ಔಷಧ ಪಡೆದವರಲ್ಲಿ ಶೇಕಡಾ 21, ಪಡೆಯದವರಲ್ಲಿ 50.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ. ಹೊಸ ಸಂಶೋಧನೆಯನ್ನು ಓಡಿಕೊಂಡೇ ಹೇಳಬೇಕು.

ಹತ್ತು ಸಾವಿರ ಕಣಗಳಲ್ಲಿ ಒಂದು ಕಾಯಿಲೆಯ ಕಣ ಉಳಿದಿದ್ದರೂ ಈಗ ಪರೀಕ್ಷೆಯಲ್ಲಿ ಕಾಣುತ್ತದೆ, ಎಂಆರ್‌ಡಿ ಎಂದು ನೀವು ಕೇಳಿದ್ದೀರಿ. ಯಾವ ಮಗುವಿಗೆ ಹೆಚ್ಚು ಬೇಕು, ಯಾವ ಮಗುವಿಗೆ ಕಡಿಮೆ ಸಾಕು ಎಂದು ಅದರಿಂದ ತಿಳಿಯುತ್ತದೆ. ಮರುಕಳಿಸಿದವರಿಗೆ 2017ರಿಂದ ಕಾರ್ ಟಿ ಚಿಕಿತ್ಸೆ ಇದೆ. ಮಗುವಿನದೇ ಟಿ ಕಣಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು, ಹೊರತೆಗೆದು, ಕಾಯಿಲೆಯನ್ನು ಗುರುತಿಸುವಂತೆ ಮಾರ್ಪಡಿಸಿ ಮತ್ತೆ ಮೈಗೆ ಸೇರಿಸುವುದು. 2024ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಮೂಲಿ ಕೀಮೋ ಜೊತೆ, ಮೈಯ ಟಿ ಕಣಗಳನ್ನೇ ಕಾಯಿಲೆಯ ಕಣಗಳ ಮೇಲೆ ತಿರುಗಿಸುವ ಬ್ಲಿನಾಟುಮೊಮ್ಯಾಬ್ ಎಂಬ ಔಷಧ ಪಡೆದ ಮಕ್ಕಳಲ್ಲಿ 3 ವರ್ಷಕ್ಕೆ ಕಾಯಿಲೆಯಿಲ್ಲದೆ ಇದ್ದವರು ಶೇಕಡಾ 96, ಬರೀ ಕೀಮೋ ಪಡೆದವರಲ್ಲಿ 87.9. ನನಗೆ ಇದರಲ್ಲಿ ಬಹಳ ಆಸೆ ಇದೆ. ಇಂಥ ಔಷಧ ಕೈಗೆ ಬಂದ ಮೇಲೆ ಕೆಂಪು ಔಷಧವನ್ನು ಇನ್ನೂ ಇಳಿಸಬಹುದೇ ಎಂದು ಕೇಳಬಹುದು. ಆದರೆ ಈ ಹೊಸ ಚಿಕಿತ್ಸೆ ಪಡೆದ ಮಕ್ಕಳನ್ನೂ ನಲವತ್ತು, ಐವತ್ತು ವರ್ಷದವರೆಗೆ ಬಿಡದೆ ನೋಡಬೇಕು. ಅದಕ್ಕೂ ಆ ಹಾಳೆಯೇ ಬೇಕು. ಕೆಲವರಲ್ಲಿ ರೋಗ ತಡೆಯುವ ಇಮ್ಯುನೊಗ್ಲಾಬ್ಯುಲಿನ್ ತುಂಬಾ ಕಾಲ ಕೆಳಗೇ ಉಳಿಯುತ್ತದೆ, ಸೋಂಕು ಬೇಗ ತಗಲುತ್ತದೆ.

ಮೂಳೆಯ ಬಗ್ಗೆ ಒಂದೇ ಮಾತು. ಹತ್ತು ವರ್ಷ ದಾಟಿದ ಮೇಲೆ ಚಿಕಿತ್ಸೆ ಪಡೆದ ಮಕ್ಕಳು ಸೊಂಟದ ಕೀಲು, ಮಂಡಿ ನೋವು ಎಂದರೆ ಆಟದ ಪೆಟ್ಟು ಎಂದು ಬಿಡಬೇಡಿ. ಸ್ಟಿರಾಯ್ಡ್‌ನಿಂದ ಮೂಳೆಗೆ ರಕ್ತ ಕಡಿಮೆಯಾಗಿ ಹಾಗೆ ಆಗಬಹುದು. ಮಕ್ಕಳಾಗುತ್ತವೆಯೇ ಎಂದು ಹಿಂಜರಿಯುತ್ತಾ ಕೇಳುತ್ತೀರಿ; ಲ್ಯುಕೇಮಿಯಾದ ಸಾಮಾನ್ಯ ಚಿಕಿತ್ಸೆ ಪಡೆದ ಹೆಚ್ಚಿನವರಿಗೆ ಆಗುತ್ತವೆ, ಅಸ್ಥಿಮಜ್ಜೆ ಕಸಿ ಅಥವಾ ವೃಷಣಕ್ಕೆ ರೇಡಿಯೇಷನ್ ಆಗಿದ್ದರೆ ಬೇರೆಯಾಗಿ ಮಾತಾಡಬೇಕು. ಓದು, ಗಮನ, ಮನಸ್ಸಿನ ಆತಂಕದ ಬಗ್ಗೆ ಒಂದು ಗಂಟೆಯ ಮಾತಿದೆ, ಅದು ಇವತ್ತಿಗೆ ಆಗುವುದಿಲ್ಲ.

ಇನ್ನೊಂದು ವಿಷಯ, ಬಿಡುವಂತಿಲ್ಲ. ‘ಅವನಿಗೆ ಯಾಕೆ ನೆನಪು ಮಾಡಬೇಕು, ಮರೆತು ಸುಖವಾಗಿರಲಿ’ ಎನ್ನುವ ತಂದೆತಾಯಿ ಇದ್ದಾರೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಮರೆಯಲಿಕ್ಕೆ ಮನಸ್ಸಿಗೆ ಹಕ್ಕಿದೆ. ಆದರೆ ಹೃದಯದ ಸ್ನಾಯು ಆ ಎಂಟು ಸಲದ ಔಷಧವನ್ನು ಮರೆತಿರುವುದಿಲ್ಲ. ಹದಿನಾರು, ಹದಿನೇಳರ ಹೊತ್ತಿಗೆ ಮಗುವನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ಹೀಗಾಗಿತ್ತು, ಹೀಗೆ ಗುಣ ಮಾಡಿದರು, ಇಗೋ ನಿನ್ನ ಹಾಳೆ ಎಂದು ಕೊಡಿ. ನಂತರ ಯಾವ ಡಾಕ್ಟರ ಹತ್ತಿರ ಹೋದರೂ ಅವನೇ ತೋರಿಸುತ್ತಾನೆ.

ವೈದ್ಯ ಮಿತ್ರರಲ್ಲಿ ಒಂದು ಕೋರಿಕೆ. ಕೊನೆಯ ಕೀಮೋ ದಿನ ಗಂಟೆ ಬಾರಿಸುವುದು, ಚಪ್ಪಾಳೆ ಹೊಡೆಯುವುದು ಎಲ್ಲ ನಡೆಯಲಿ. ಚಪ್ಪಾಳೆ ನಿಲ್ಲುವಷ್ಟರಲ್ಲಿ ಹಾಳೆ ಸಿದ್ಧವಿರಲಿ.

ಅಧ್ಯಕ್ಷರು ಎದ್ದು ನಿಂತರು, ಮುಗಿಸುತ್ತೇನೆ. ಸಭಾಂಗಣದ ಹೊರಗೆ ಎಡಗಡೆ ಎರಡು ಮೇಜು ಹಾಕಿಸಿದ್ದೇವೆ. ಅಲ್ಲಿ ಖಾಲಿ ನಮೂನೆಗಳಿವೆ, ಸಿಸ್ಟರ್‌ಗಳಿದ್ದಾರೆ. ಹಳೆಯ ಡಿಸ್ಚಾರ್ಜ್ ಸಮ್ಮರಿ, ಪುಸ್ತಕ, ಚೀಟಿ ಏನಿದ್ದರೂ ಕೊಡಿ, ಕೂತು ತುಂಬಿಸಿಕೊಡುತ್ತಾರೆ. ಮಧ್ಯೆ ಮಧ್ಯೆ ಮಾಹಿತಿ ಇಲ್ಲದಿದ್ದರೂ ಬನ್ನಿ, ಇರುವಷ್ಟನ್ನು ಬರೆಯೋಣ. ಎರಡು ಪ್ರತಿ ಮಾಡಿಸಿ, ಒಂದನ್ನು ಮಗುವಿನ ಫೋನಿನಲ್ಲೂ ಫೋಟೋ ತೆಗೆದು ಇಡಿ. ಹಿಂದಿನ ಸಾಲಿನಿಂದ ಒಬ್ಬರು ಬಹಳ ಹೊತ್ತಿನಿಂದ ಕೈಯೆತ್ತಿದ್ದಾರೆ, ಬನ್ನಿ ತಾಯಿ, ನಿಮ್ಮ ಪ್ರಶ್ನೆಗೆ ಆ ಮೇಜಿನ ಹತ್ತಿರವೇ ಉತ್ತರ ಹೇಳುತ್ತೇನೆ.