ಕೆಂಪು ಆಕಾಶದ ಕೆಳಗೆ ಇಬ್ಬರು ಹುಡುಗಿಯರು: 'ನೈಟ್ ಆಫ್ ದ ಕಾಮೆಟ್' ಮತ್ತು ನೋಡುಗರ ತಕರಾರು

ಸ್ನೇಹಿತರೇ,

ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಕಡಿಮೆ ದುಡ್ಡಿಗೆ ತಯಾರಾದ ಹದಿಹರೆಯದ ಹಾರರ್ ಕಾಮಿಡಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ 'ನೈಟ್ ಆಫ್ ದ ಕಾಮೆಟ್' ಬಗ್ಗೆ ಮಾತ್ರ ನೋಡುಗರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಥಾಮ್ ಎಬರ್‌ಹಾರ್ಟ್ ಬರೆದು ನಿರ್ದೇಶಿಸಿದ ಈ ಚಿತ್ರ 1984ರ ನವೆಂಬರಿನಲ್ಲಿ ತೆರೆಕಂಡಿತು. ಖರ್ಚು ಸುಮಾರು 7 ಲಕ್ಷ ಡಾಲರ್, ಅಮೆರಿಕದ ಗಳಿಕೆ ಸುಮಾರು 1.4 ಕೋಟಿ ಡಾಲರ್. ಒಬ್ಬರು ಇದನ್ನು ಅಪರೂಪದ ಚಿತ್ರ ಎಂದರೆ, ಪಕ್ಕದಲ್ಲಿ ಕೂತವರು ಭಯವೇ ಇಲ್ಲದ ಹಾರರ್ ಎನ್ನುತ್ತಾರೆ. ನೋಡುಗರ ತಕರಾರುಗಳಲ್ಲಿ ಕೆಲವು ಚಿತ್ರದ ಮೇಲಿನವು, ಕೆಲವು ಅದರ ಪ್ರಚಾರದ ಮೇಲಿನವು, ಇನ್ನು ಕೆಲವು ಅವರು ನೋಡಿದ ಕೆಟ್ಟ ಪ್ರತಿಯ ಮೇಲಿನವು. ಈ ಮೂರನ್ನು ಬೇರ್ಪಡಿಸದೆ ಚಿತ್ರದ ಬೆಲೆ ಕಟ್ಟಲಾಗದು.

ಕಥೆ ಚಿಕ್ಕದು. 6.5 ಕೋಟಿ ವರ್ಷಗಳ ಹಿಂದೆ, ಡೈನೊಸಾರ್‌ಗಳು ಅಳಿದ ಕಾಲಕ್ಕೆ ಬಂದಿದ್ದ ಧೂಮಕೇತು ಮತ್ತೆ ಬರುತ್ತದೆ. ಧೂಮಕೇತು ಕಂಡರೆ ಕೇಡು ಎಂಬ ಮಾತು ನಮ್ಮಲ್ಲೂ ಇದೆ. ಲಾಸ್ ಏಂಜಲೀಸಿನ ಜನ ಅದನ್ನು ಹಬ್ಬ ಮಾಡಿಕೊಂಡು ಬೀದಿಗಿಳಿಯುತ್ತಾರೆ. ಬೆಳಗಾಗುವ ಹೊತ್ತಿಗೆ ಬೀದಿಗಿಳಿದವರೆಲ್ಲ ಕೆಂಪು ಪುಡಿ. ಚಿತ್ರಮಂದಿರದ ಉಕ್ಕಿನ ಗೋಡೆಯ ಪ್ರೊಜೆಕ್ಷನ್ ಕೋಣೆಯಲ್ಲಿ ರಾತ್ರಿ ಕಳೆದ ರೆಜಿನಾ ಉಳಿಯುತ್ತಾಳೆ. ಮಲತಾಯಿಯ ಹೊಡೆತ ತಿಂದು ಉಕ್ಕಿನ ಶೆಡ್ಡಿನಲ್ಲಿ ಮಲಗಿದ ಅವಳ ತಂಗಿ ಸಮಾಂತಾಳೂ ಉಳಿಯುತ್ತಾಳೆ. ಧೂಮಕೇತುವಿನ ಬೆಳಕು ಅರ್ಧಂಬರ್ಧ ತಾಕಿದವರು ನಿಧಾನವಾಗಿ ಕೊಳೆಯುತ್ತ, ಮನುಷ್ಯರ ಮೇಲೆ ಬೀಳುತ್ತ, ಕೊನೆಗೆ ಪುಡಿಯಾಗುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ತಕರಾರು: ಈ ಕೊಳೆಯುವ ಮನುಷ್ಯರು, ಅಂದರೆ ಜೋಂಬಿಗಳು, ಬೆರಳೆಣಿಕೆಯಷ್ಟೇ. ಮಾತು ನಿಜ, ಅದಕ್ಕೆ ಕಾರಣವೂ ಇದೆ. ಫೋಮ್ ಲೇಟೆಕ್ಸ್ ಎಂಬ ಮೆತ್ತನೆಯ ರಬ್ಬರಿನ ಮುಖವಾಡದ ತುಣುಕುಗಳನ್ನು ಒಬ್ಬ ನಟನಿಗೆ ಅಂಟಿಸಿ ಬಣ್ಣ ಹಚ್ಚಲು ಹಲವು ಗಂಟೆ ಹಿಡಿಯುತ್ತದೆ. ತುಣುಕಿನ ಅಂಚು ಕಾಗದಕ್ಕಿಂತ ತೆಳುವಾಗಿ ಚರ್ಮದಲ್ಲಿ ಕರಗಬೇಕು. ಸಂಜೆ ತೆಗೆಯುವಾಗ ಆ ಅಂಚೇ ಹರಿಯುವುದರಿಂದ ಮರುದಿನಕ್ಕೆ ಹೊಸ ತುಣುಕು ಬೇಕು. ಹತ್ತು ಜೋಂಬಿಗಳ ಗುಂಪು ತೋರಿಸಬೇಕಾದರೆ ಆ ದಿನ ಚಿತ್ರೀಕರಣಕ್ಕೆ ಸಮಯವೇ ಉಳಿಯುವುದಿಲ್ಲ. ಇದರ ಮೇಲೆ ಚಿತ್ರಕ್ಕೆ ಸಿಕ್ಕಿದ್ದು ಪಿಜಿ-13 ಪ್ರಮಾಣಪತ್ರ, ಅಂದರೆ ಹದಿಮೂರರೊಳಗಿನ ಮಕ್ಕಳ ಬಗ್ಗೆ ಪೋಷಕರನ್ನು ಎಚ್ಚರಿಸುವ ಅಮೆರಿಕದ ದರ್ಜೆ. 1984ರ ಜುಲೈನಲ್ಲಿ ಹುಟ್ಟಿದ ದರ್ಜೆ ಅದು, ಆಗಿನ್ನೂ ಕೆಲವೇ ತಿಂಗಳ ಕೂಸು. ಅದರ ಮಿತಿಯೊಳಗೆ ಕರುಳು ಕೀಳುವ ದೃಶ್ಯಕ್ಕೆ ಜಾಗವಿಲ್ಲ. ರಕ್ತ ಬಯಸಿ ಬಂದವರಿಗೆ ನಿರಾಸೆ ಆಗಿದ್ದರೆ ಅದಕ್ಕೆ ಹೊಣೆ ಜೋಂಬಿ ಎಂಬ ಹಣೆಪಟ್ಟಿ. ಇದು ಜೋಂಬಿ ಚಿತ್ರ ಅಲ್ಲ, ಖಾಲಿಯಾದ ಊರಿನ ಚಿತ್ರ.

ಆ ಖಾಲಿ ಊರಿನ ವಿಷಯದಲ್ಲಿ ಮಾತ್ರ ಹೊಗಳುವವರು, ತೆಗಳುವವರು ಇಬ್ಬರೂ ಒಂದೇ ಮಾತು ಹೇಳುತ್ತಾರೆ. ಡೌನ್‌ಟೌನ್ ಲಾಸ್ ಏಂಜಲೀಸಿನ ಅಗಲವಾದ ರಸ್ತೆಗಳು, ಎತ್ತರದ ಕಟ್ಟಡಗಳು, ಒಂದು ನರಪಿಳ್ಳೆಯೂ ಇಲ್ಲ. ಕಂಪ್ಯೂಟರಿನಲ್ಲಿ ಜನರನ್ನು ಅಳಿಸುವ ಕಾಲ ಅದಲ್ಲ. ಜನ ಏಳುವ ಮೊದಲು ಬೆಳಗಿನ ಜಾವ ಹೋಗಿ ತೆಗೆಯುವುದೊಂದೇ ದಾರಿ. ಈ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು. ಸೂರ್ಯ ಹುಟ್ಟಿದ ಮೇಲೆ ಕೈಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಅಷ್ಟರಲ್ಲೇ ನೆರಳು ಮೊಟಕಾಗುತ್ತ ಬರುತ್ತದೆ. ಒಂದೇ ದೃಶ್ಯದ ಎರಡು ಶಾಟ್‌ಗಳನ್ನು ಗಂಟೆಯ ಅಂತರದಲ್ಲಿ ತೆಗೆದರೆ ಸಂಕಲನದಲ್ಲಿ ನೆರಳು ಜಿಗಿಯುತ್ತದೆ. ವೈಡ್ ಲೆನ್ಸ್ ಹಾಕಿದರೆ ಊರು ದೊಡ್ಡದಾಗಿ ಕಾಣುತ್ತದೆ, ಆದರೆ ನಾಲ್ಕು ಅಡ್ಡರಸ್ತೆಗಳಾಚೆ ಹಾಯುವ ಒಂದು ಕಾರೂ ಚೌಕಟ್ಟಿನೊಳಗೆ ಬಂದುಬಿಡುತ್ತದೆ. ಲಾಂಗ್ ಲೆನ್ಸ್ ಹಾಕಿದರೆ ಅಡ್ಡರಸ್ತೆಗಳು ಚೌಕಟ್ಟಿನಿಂದ ಹೊರಗುಳಿಯುತ್ತವೆ, ಊರಿನ ಅಗಲ ಹೋಗುತ್ತದೆ. ಕ್ಯಾಮೆರಾಮನ್ ಆರ್ಥರ್ ಆಲ್ಬರ್ಟ್ ಅಗಲವನ್ನೇ ಆರಿಸಿಕೊಂಡ ಶಾಟ್‌ಗಳನ್ನು ಗಮನಿಸಿ. ಸಿಗ್ನಲ್ ದೀಪಗಳು ಯಾರಿಗೂ ಅಲ್ಲದೆ ಬಣ್ಣ ಬದಲಿಸುತ್ತಿರುತ್ತವೆ. ಆ ಶಾಟ್‌ಗಳಿಗೆ ಬೇಕಾಗಿದ್ದು ಅಲಾರಾಂ ಗಡಿಯಾರ ಮತ್ತು ತಾಳ್ಮೆ, ಹಣ ಅಲ್ಲ.

ಬಟ್ಟೆಯ ರಾಶಿಗಳನ್ನೂ ಹತ್ತಿರದಿಂದ ನೋಡಬೇಕು. ಮನುಷ್ಯ ನಿಂತಲ್ಲೇ ಪುಡಿಯಾದ ಎಂದು ತೋರಿಸಲು ಅಂಗಿ, ಪ್ಯಾಂಟು, ಶೂ, ಒಂದಿಷ್ಟು ಕೆಂಪು ಪುಡಿ ಸಾಕು. ಆದರೆ ಇಡುವ ಕ್ರಮ ತಪ್ಪಿದರೆ ಅದು ಅಗಸರ ಗಂಟಿನಂತೆ ಕಾಣುತ್ತದೆ. ಶೂ ಎರಡೂ ನಿಂತ ಭಂಗಿಯಲ್ಲೇ ಇರಬೇಕು, ಕಾಲುಚೀಲ ಅದರೊಳಗೆ ಇರಬೇಕು. ಪ್ಯಾಂಟು ಶೂವಿನ ಮೇಲೆ ಕುಸಿದಿರಬೇಕು, ಅಂಗಿ ಅದರ ಮೇಲೆ, ಗುಂಡಿ ಹಾಕಿದ್ದು ಹಾಕಿದಂತೆಯೇ. ಪುಡಿ ಕೊರಳಪಟ್ಟಿ ಮತ್ತು ತೋಳಿನ ತುದಿಯಿಂದ ಚೆಲ್ಲಿರಬೇಕು. ಬಟ್ಟೆಯ ಮೇಲೆ ಉದುರಿಸಿದರೆ ಯಾರೋ ಉದುರಿಸಿದ್ದು ಎಂದು ಕಣ್ಣಿಗೆ ತಿಳಿದುಬಿಡುತ್ತದೆ. ಜೋಂಬಿಗಳನ್ನು ಕಂಡು ನಗುವ ನೋಡುಗರು ಈ ರಾಶಿಗಳ ಮುಂದೆ ಸುಮ್ಮನಾಗುತ್ತಾರೆ. ಸಾವಿರಾರು ಜನರ ಸಾವನ್ನು ಒಂದು ಹನಿ ರಕ್ತವಿಲ್ಲದೆ ಹೇಳುವ ಈ ಉಪಾಯ ಇಡೀ ಚಿತ್ರದ ಅತ್ಯುತ್ತಮ ಕಲ್ಪನೆ ಎಂದು ನಾನು ಭಾವಿಸುತ್ತೇನೆ.

ಇನ್ನು ಧೂಮಕೇತು ಹಾದುಹೋದ ಮೇಲೆ ಊರಿನ ಮೇಲೆ ಕವಿಯುವ ಕೆಂಪು ಆಕಾಶ. ಫಿಲ್ಟರ್ ಹಾಕಿ ತಂದ ಬಣ್ಣ ಅದು. ಗಾಢ ಕೆಂಪು ಫಿಲ್ಟರ್ ನೀಲಿ, ಹಸಿರು ಬೆಳಕನ್ನು ತಡೆಯುವುದರಿಂದ ಮೂರು ಸ್ಟಾಪ್‌ವರೆಗೂ ಬೆಳಕು ನಷ್ಟ (ಒಂದೊಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ). ಬೆಳಗಿನ ಜಾವದ ಮಂದ ಬೆಳಕಿನಲ್ಲಿ ಅದು ದುಬಾರಿ. ಆಕಾಶ ಮಾತ್ರ ಕೆಂಪಾಗಬೇಕೆಂದರೆ ಮೇಲರ್ಧಕ್ಕಷ್ಟೇ ಬಣ್ಣವಿರುವ ಗ್ರ್ಯಾಜುಯೇಟೆಡ್ ಫಿಲ್ಟರ್ ಬೇಕು. ಆಗ ಕ್ಯಾಮೆರಾ ಮೇಲೆ ಕೆಳಗೆ ಆಡುವಂತಿಲ್ಲ, ಆಡಿದರೆ ಬಣ್ಣದ ಗಡಿ ಕಟ್ಟಡಗಳ ಮೈಮೇಲೆ ಜಾರುತ್ತದೆ. ಕಡಿಮೆ ಖರ್ಚಿನ ಚಿತ್ರಗಳಲ್ಲಿ ಇಂಥ ಶಾಟ್‌ಗಳು ಅಲುಗಾಡದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಈ ಕೆಂಪನ್ನು ಬಹಳ ಮಂದಿ ಮೊದಲು ನೋಡಿದ್ದು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ. ಚಿತ್ರ ಮಬ್ಬು, ಬಣ್ಣ ಕಲಸುಮೇಲೋಗರ ಎಂಬ ಹಳೆಯ ದೂರಿನ ಮೂಲ ಅಲ್ಲಿದೆ. ವಿಎಚ್‌ಎಸ್‌ನಲ್ಲಿ ಕಪ್ಪು ಬಿಳುಪಿನ ವಿವರ ಅಡ್ಡಡ್ಡಲಾಗಿ ಸುಮಾರು 240 ಗೆರೆಗಳಷ್ಟು, ಬಣ್ಣದ ವಿವರ ಸುಮಾರು 40 ಮಾತ್ರ. ಬಣ್ಣಗಳಲ್ಲಿ ಕೆಂಪೇ ಎಲ್ಲಕ್ಕಿಂತ ಎದ್ದು ಸೋರುತ್ತದೆ, ಪಕ್ಕದ ಕಟ್ಟಡದ ಅಂಚಿಗೆ ಹರಡಿಕೊಳ್ಳುತ್ತದೆ. ಮೇಲಾಗಿ ಅಗಲದ ಚೌಕಟ್ಟನ್ನು ಹಳೇ ಟಿವಿಯ 4:3ಕ್ಕೆ ಬದಿಯಲ್ಲಿ ಕತ್ತರಿಸಿದರೆ ಮೊದಲು ಕಳೆದುಹೋಗುವುದು ಖಾಲಿತನವೇ. ಹಾಗಾಗಿ ಯಾರಾದರೂ ಇದರ ಬಗ್ಗೆ ಅಭಿಪ್ರಾಯ ಹೇಳಿದರೆ ಯಾವ ಪ್ರತಿ ನೋಡಿದಿರಿ ಎಂದು ಕೇಳಿ. ಪ್ರದರ್ಶನ ಏರ್ಪಡಿಸುವವರು ಬ್ಲೂ-ರೇ ಪ್ರತಿ ತನ್ನಿ, ಪ್ರೊಜೆಕ್ಟರಿನ 'ವಿವಿಡ್' ಮೋಡ್ ತೆಗೆದು 'ಸಿನಿಮಾ' ಮೋಡ್‌ಗೆ ಹಾಕಿ. ವಿವಿಡ್‌ನಲ್ಲಿ ಕೆಂಪು ಉಕ್ಕಿ ಮೋಡದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಚಿತ್ರದ ಮೇಲೇ ನಿಲ್ಲುವ ತಕರಾರು ಮಧ್ಯಭಾಗದ್ದು. ಮರುಭೂಮಿಯ ನೆಲಮಾಳಿಗೆಯ ವಿಜ್ಞಾನಿಗಳು ಗಾಳಿಯ ಕಿಂಡಿ ಮುಚ್ಚಲು ಮರೆತು ತಾವೇ ಸೋಂಕಿಗೆ ಸಿಕ್ಕಿ, ಬದುಕುಳಿದವರ ರಕ್ತ ಹೀರಿ ಔಷಧಿ ಮಾಡಹೊರಡುತ್ತಾರೆ. ಒಟ್ಟು 95 ನಿಮಿಷದ ಚಿತ್ರ ಇಲ್ಲಿ ಕುಂಟುತ್ತದೆ. ಊರು ಬಿಟ್ಟು ಕಾರಿಡಾರ್‌ಗಳಿಗೆ ಹೋದ ಕೂಡಲೇ ಚಿತ್ರದ ಬಂಡವಾಳವೇ ಕೈಬಿಟ್ಟುಹೋಗುತ್ತದೆ. ಬಿಳಿ ಗೋಡೆ, ಬಿಳಿ ಕೋಟು ಯಾವ ಚಿತ್ರದಲ್ಲಾದರೂ ಸಿಗುತ್ತವೆ. ಮೇರಿ ವೊರೊನೊವ್ ಅವರ ಆಡ್ರಿ ಪಾತ್ರ ಒಂದೇ ಅಲ್ಲಿ ಉಸಿರಾಡುತ್ತದೆ. ತನ್ನ ಗುಂಪಿನ ಕೆಲಸಕ್ಕೆ ಹೇಸಿ ಸಮಾಂತಾಳನ್ನು ಉಳಿಸುವ ಆ ದೃಶ್ಯದಲ್ಲಿ ಮಾತು ಬಹಳ ಕಡಿಮೆ, ದಣಿವೇ ಹೆಚ್ಚು. ವಿದ್ಯುತ್ ಹೇಗೆ ಉಳಿಯಿತು, ಉಕ್ಕು ಯಾಕೆ ಕಾಪಾಡಿತು ಎಂಬ ಪ್ರಶ್ನೆಗಳಿಗೆ ಚಿತ್ರ ಉತ್ತರಿಸುವುದಿಲ್ಲ. ಆ ಲೋಪಗಳು ನನಗೆ ದೊಡ್ಡದೆನಿಸುವುದಿಲ್ಲ, ಮಧ್ಯದ ಜಡತೆ ದೊಡ್ಡದು.

ಹುಡುಗಿಯರ ಬಗ್ಗೆ ಎಷ್ಟು ಮಾತಾಡಿದರೂ ಸಾಲದು. ಲೋಕ ಮುಗಿದರೆ ಏನು ಮಾಡುತ್ತೀರಿ ಎಂದು ಎಬರ್‌ಹಾರ್ಟ್ ಹದಿಹರೆಯದ ಹುಡುಗಿಯರನ್ನೇ ಕೇಳಿದ್ದರು. ಅವರಿಗೆ ಅದು ಸಾಹಸವಾಗಿ ಕಂಡಿತು. ಚಿಂತೆ ಇದ್ದದ್ದು ಜೊತೆಗೆ ಹುಡುಗರು ಉಳಿದಿರುತ್ತಾರೋ ಇಲ್ಲವೋ ಎಂಬುದರ ಬಗ್ಗೆ. ಕ್ಯಾಥರಿನ್ ಮೇರಿ ಸ್ಟೂವರ್ಟ್ ಮತ್ತು ಕೆಲ್ಲಿ ಮರೋನಿ ಅಕ್ಕತಂಗಿಯರಾಗಿ ಜಗಳವಾಡುವ ಧಾಟಿ ಅಲ್ಲಿಂದ ಬಂದದ್ದು. ತಂದೆ ಸೈನಿಕ, ಆದ್ದರಿಂದ ಬಂದೂಕು ಅವರ ಕೈಗೆ ಹೊಸದಲ್ಲ. ಗುಂಡು ಸಿಕ್ಕಿಹಾಕಿಕೊಂಡಾಗ ಸಮಾಂತಾ ಹೆದರುವುದಿಲ್ಲ, ಅಪ್ಪನಾಗಿದ್ದರೆ ಇದಕ್ಕಿಂತ ಒಳ್ಳೆಯ ಬಂದೂಕು ಕೊಡಿಸುತ್ತಿದ್ದ ಎಂದು ಸಿಡುಕುತ್ತಾಳೆ. ಇಂಥ ಸಿಡುಕಿನಲ್ಲೇ ಈ ಚಿತ್ರದ ಹಾಸ್ಯ ಇದೆ. ಮಾಲ್‌ನಲ್ಲಿ ಬಟ್ಟೆ ತೊಟ್ಟು ನೋಡುವ ದೃಶ್ಯವನ್ನು ಹಗುರ ಎಂದು ತಳ್ಳಿಹಾಕುವವರಿದ್ದಾರೆ. ಅದಕ್ಕೆ ಸ್ವಲ್ಪ ಮೊದಲು ಸಮಾಂತಾ, ತನ್ನ ಗೆಳೆಯರೆಲ್ಲ ಸತ್ತರು ಎಂಬುದು ಮನಸ್ಸಿಗಿಳಿದು ಅಳುವುದನ್ನು ಅವರು ಮರೆತಿರುತ್ತಾರೆ. ಅಳು ಮೊದಲು, ಬಟ್ಟೆ ಆಮೇಲೆ. ಈ ಕ್ರಮ ತಿಳಿದವರಿಗೆ ಆ ಕುಣಿತ ಹಗುರವೆನಿಸದು.

ಚರ್ಚೆ ನಡೆಸುವವರಿಗೆ ಒಂದು ಸಲಹೆ. ಆಹ್ವಾನದಲ್ಲಿ ಜೋಂಬಿ ಎಂಬ ಪದ ಹಾಕಬೇಡಿ. ಚಿತ್ರ ಮುಗಿದ ಕೂಡಲೇ, ಯಾರೂ ಬಾಯಿ ತೆರೆಯುವ ಮೊದಲು, ಎಲ್ಲರಿಂದಲೂ ನೆನಪಿನಲ್ಲುಳಿದ ಒಂದು ಶಾಟ್ ಮತ್ತು ಬೇಸರವಾದ ಒಂದು ಭಾಗವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೊದಲು ಮಾತಾಡಿದವರ ಅಭಿಪ್ರಾಯ ಉಳಿದವರಿಗೆ ಅಂಟಿಕೊಳ್ಳುವುದು ಇದರಿಂದ ತಪ್ಪುತ್ತದೆ. ಅಂತ್ಯವನ್ನು ಪ್ರತ್ಯೇಕವಾಗಿ ಚರ್ಚೆಗೆತ್ತಿಕೊಳ್ಳಿ, ಯಾಕೆಂದರೆ ನಿಜವಾದ ಜಗಳ ಅಲ್ಲಿದೆ. ಮಳೆ ಬಂದು ಪುಡಿ ತೊಳೆದುಹೋದ ಮೇಲೆ ರೆಜಿನಾ ಶಿಸ್ತಿನ ಗೃಹಿಣಿಯ ಹಾಗೆ ನಿಂತು, ಖಾಲಿ ರಸ್ತೆಯಲ್ಲೂ ಸಿಗ್ನಲ್ ಬಿಡುವವರೆಗೆ ದಾಟಬಾರದು ಎನ್ನುತ್ತಾಳೆ. ಅಷ್ಟು ಧೈರ್ಯದ ಹುಡುಗಿಯನ್ನು ಹಳೇ ಸಂಸಾರದ ಅಚ್ಚಿಗೆ ಹಾಕಿದರು ಎಂದು ಕೆಲವರಿಗೆ ಸಿಟ್ಟು. ನಾಗರಿಕತೆಯ ಹೊರೆ ಈಗ ತನ್ನ ಮೇಲಿದೆ ಎಂದು ನಂಬಿದ ಹದಿನೆಂಟರ ಹುಡುಗಿ ಇನ್ನೇನು ಮಾಡಿಯಾಳು ಎಂದು ಉಳಿದವರ ವಾದ. ನಾನು ಎರಡನೆಯವರ ಕಡೆ. ಯಾಕೆಂದರೆ ಸಮಾಂತಾ ಆ ಸಿಗ್ನಲ್ಲಿಗೆ ಕಾಯುವುದಿಲ್ಲ, ಚಿತ್ರ ಅವಳನ್ನು ತಡೆಯುವುದೂ ಇಲ್ಲ.