ವಿಂಡೋಸ್ 98ಕ್ಕೆ ಕಮ್ಮಿ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಸಿಡಿಗಳನ್ನು ಎಸೆಯಲು ಮನಸ್ಸು ಬಾರದೆ ಇಟ್ಟುಕೊಂಡವರಿಗಾಗಿ ಇವತ್ತಿನ ಮಾತು. ಅದು ವಿಶ್ವಕೋಶದ ಸಿಡಿ ಇರಬಹುದು, ಮಕ್ಕಳ ಆಟದ್ದಿರಬಹುದು, ಯಾವುದೋ ಲೆಕ್ಕಪತ್ರದ ತಂತ್ರಾಂಶದ್ದಿರಬಹುದು. ಈಗಿನ ಕಂಪ್ಯೂಟರಿಗೆ ಹಾಕಿದರೆ ಓಡುವುದಿಲ್ಲ. ಸಿಡಿ ಕೆಟ್ಟಿಲ್ಲ. ಆ ಕಾಲದ ಎಷ್ಟೋ ತಂತ್ರಾಂಶಗಳಲ್ಲಿ 16 ಬಿಟ್ಟಿನ ತುಂಡುಗಳಿದ್ದವು. ಕೆಲವದರಲ್ಲಿ ಇನ್‌ಸ್ಟಾಲ್ ಮಾಡುವ ಭಾಗ ಒಂದೇ ಹಾಗಿರುತ್ತಿತ್ತು. ಈಗಿನ 64 ಬಿಟ್ಟಿನ ವಿಂಡೋಸ್ ಅವನ್ನು ಮುಟ್ಟುವುದೇ ಇಲ್ಲ. ದಾರಿ ಏನೆಂದರೆ, ಹಳೆಯ ವಿಂಡೋಸ್ 98 ಅನ್ನೇ ಒಂದು ವರ್ಚುವಲ್ ಮೆಷಿನ್ನಿನಲ್ಲಿ ಹಾಕಿಕೊಳ್ಳುವುದು. ವರ್ಚುವಲ್ ಮೆಷಿನ್ ಎಂದರೆ ನಿಮ್ಮ ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್. ಅದಕ್ಕೆ ಎಷ್ಟು ಮೆಮೊರಿ, ಎಷ್ಟು ದೊಡ್ಡ ಡಿಸ್ಕು, ಯಾವ ಸೌಂಡ್ ಕಾರ್ಡು ಎಂದು ಹೇಳುವವರು ನೀವು.

ಎಲ್ಲರೂ ಎಡವುವುದು ಅಲ್ಲೇ. ಕೈಯಲ್ಲಿರುವುದು 16 ಜಿಬಿ ಮೆಮೊರಿಯ ಕಂಪ್ಯೂಟರು, ಪಾಪ ಹಳೆಯದಕ್ಕೂ 4 ಜಿಬಿ ಇರಲಿ ಎಂದು ಧಾರಾಳವಾಗಿ ಕೊಡುತ್ತಾರೆ. ದಯವಿಟ್ಟು ಕೊಡಬೇಡಿ. ಇವತ್ತು ನಾನು ಹೇಳುವುದರಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹಳೆಯ ವ್ಯವಸ್ಥೆಗೆ ಕಮ್ಮಿ ಕೊಡಿ.

ವಿಂಡೋಸ್ 98 ಬಂದದ್ದು 1998ರ ಜೂನ್ 25ರಂದು. ಅದು ಕೇಳುತ್ತಿದ್ದದ್ದು 66 ಮೆಗಾಹರ್ಟ್ಸ್‌ನ 486 ಪ್ರೊಸೆಸರು, 16 ಎಂಬಿ ಮೆಮೊರಿ. ಜಿಬಿ ಅಲ್ಲ, ಎಂಬಿ. ನೀವು 256 ಎಂಬಿ ಕೊಟ್ಟರೆ ಅದೇ ಹದಿನಾರು ಪಟ್ಟು. 512 ದಾಟಿತೋ, ತೊಂದರೆ ಶುರು. ಆಗ ಪರದೆಯ ಮೇಲೆ ಬರುವ ದೂರು ಏನು ಗೊತ್ತೇ? ಮೆಮೊರಿ ಸಾಲುತ್ತಿಲ್ಲ ಎಂದು! ಅದನ್ನು ನೋಡಿದವರು ಇನ್ನಷ್ಟು ಕೊಡುತ್ತಾರೆ, ಅದು ಇನ್ನಷ್ಟು ಕೆಡುತ್ತದೆ.

ಕಾರಣ ಸರಳ. ವಿಂಡೋಸ್ 98ರಲ್ಲಿ ವಿ-ಕ್ಯಾಶ್ ಎಂಬ ಭಾಗವಿದೆ, ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ಅದರ ಕೆಲಸ. ಮೆಮೊರಿ ಹೆಚ್ಚಿದ್ದಷ್ಟೂ ಅದು ತನಗಾಗಿ ಹೆಚ್ಚು ವಿಳಾಸಗಳನ್ನು ಕಾದಿರಿಸಿಕೊಳ್ಳುತ್ತದೆ. ವ್ಯವಸ್ಥೆಯ ಪಾಲಿಗೆ ಇರುವ ವಿಳಾಸಗಳೋ ಇಷ್ಟೇ ಎಂದು ಗೊತ್ತಾಗಿಬಿಟ್ಟಿವೆ. ಎಲ್ಲವನ್ನೂ ಇದೊಂದೇ ಹಿಡಿದುಕೊಂಡರೆ ಉಳಿದವಕ್ಕೆ ಜಾಗ ಎಲ್ಲಿಂದ ಬರಬೇಕು? ಸಿಸ್ಟಮ್ ಡಾಟ್ ಐಎನ್‌ಐ ಎಂಬ ಫೈಲಿನ ವಿ-ಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್-ಫೈಲ್-ಕ್ಯಾಶ್ ಎಂಬ ಸಾಲು ಸೇರಿಸಿ ಇದಕ್ಕೆ ಮಿತಿ ಹಾಕಬಹುದು. ಆದರೆ ಅದೆಲ್ಲ ಯಾಕೆ ಬೇಕು? 256 ಎಂಬಿ ಕೊಡಿ, ಮುಗಿಯಿತು.

ಮೆಮೊರಿಯ ವಿಷಯ ಇದು. ವೇಗದ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು. ಕೆಲವು ವರ್ಷ ಕಳೆದ ಮೇಲೆ ಎಎಂಡಿ ಕಂಪನಿಯ ಕೆ6-2 ಪ್ರೊಸೆಸರ್ ಬಂತು. 350 ಮೆಗಾಹರ್ಟ್ಸ್ ಮತ್ತು ಅದಕ್ಕಿಂತ ವೇಗದ ಕೆ6-2 ಇದ್ದ ಯಂತ್ರಗಳಲ್ಲಿ ವಿಂಡೋಸ್ 95 ಒಮ್ಮೊಮ್ಮೆ ಶುರುವಾಗುತ್ತಿತ್ತು, ಒಮ್ಮೊಮ್ಮೆ ‘ವಿಂಡೋಸ್ ಪ್ರೊಟೆಕ್ಷನ್ ಎರರ್’ ಎಂದು ಹೇಳಿ ನಿಂತುಬಿಡುತ್ತಿತ್ತು. ಅದೇ ಯಂತ್ರವನ್ನು ಆರಿಸಿ ಮತ್ತೆ ಹಾಕಿದರೆ ಸರಿ. ಮೂರನೆಯ ಸಲ ಮತ್ತೆ ಅದೇ ಪಾಡು. ಜನ ಮೆಮೊರಿ ಬದಲಿಸಿದರು, ಡಿಸ್ಕು ಬದಲಿಸಿದರು, ಪ್ರೊಸೆಸರನ್ನೇ ಬೈದರು. ಪ್ರೊಸೆಸರಿನ ತಪ್ಪೇನೂ ಇರಲಿಲ್ಲ.

ನಡೆಯುತ್ತಿದ್ದದ್ದು ಹೀಗೆ. ಡ್ರೈವರ್ ಎಂದರೆ ಒಂದೊಂದು ಯಂತ್ರಭಾಗವನ್ನು ನಡೆಸುವ ಪುಟ್ಟ ತಂತ್ರಾಂಶ. ಡ್ರೈವರುಗಳಿಗೆ ಕೆಲವೊಮ್ಮೆ ಒಂದಿಷ್ಟು ಮೈಕ್ರೋಸೆಕೆಂಡು ಸುಮ್ಮನೆ ಕಾಯಬೇಕಾಗುತ್ತದೆ. ಈ ಯಂತ್ರದಲ್ಲಿ ಅಷ್ಟು ಹೊತ್ತು ಕಾಯಲು ಎಷ್ಟು ಸುತ್ತು ಹಾಕಬೇಕು? ಅದನ್ನು ಅಳೆಯಲು ಯಂತ್ರ ಶುರುವಾಗುವಾಗಲೇ ಒಂದು ಪರೀಕ್ಷೆ. ಗಡಿಯಾರ ನೋಡಿಕೊಂಡು ‘ಲೂಪ್’ ಎಂಬ ಆದೇಶವನ್ನು ಲಕ್ಷಗಟ್ಟಲೆ ಸಲ ಸುತ್ತಿಸುವುದು, ಮತ್ತೆ ಗಡಿಯಾರ ನೋಡುವುದು, ಕಳೆದ ಹೊತ್ತನ್ನು ಇಟ್ಟುಕೊಂಡು ಭಾಗಾಕಾರ ಮಾಡುವುದು. ಬರೆದವರ ಕಾಲದ ಪ್ರೊಸೆಸರುಗಳಲ್ಲಿ ಲೂಪ್ ಆದೇಶಕ್ಕೆ ಹಲವು ಗಡಿಯಾರದ ಮಿಡಿತ ಬೇಕಿತ್ತು. ಕೆ6-2 ಅದನ್ನು ಒಂದೇ ಮಿಡಿತದಲ್ಲಿ ಮುಗಿಸುತ್ತಿತ್ತು. ಬರೆದವರು ಊಹಿಸಿರದಷ್ಟು ಬೇಗ ಸುತ್ತು ಮುಗಿದು ಲೆಕ್ಕ ಕೆಟ್ಟಿತು, ಭಾಗಾಕಾರ ಮುರಿದುಬಿತ್ತು, ಅದರ ಜೊತೆ ವಿಂಡೋಸೂ ಮುಗ್ಗರಿಸಿತು. ಮೈಕ್ರೋಸಾಫ್ಟ್ ಇದಕ್ಕೆಂದೇ ಒಂದು ತಿದ್ದುಪಡಿ ಬಿಡಬೇಕಾಯಿತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಪ್ರೊಸೆಸರುಗಳು 2.1 ಗಿಗಾಹರ್ಟ್ಸ್ ಮುಟ್ಟಿದಾಗ ಈ ಸಲ ನೆಟ್‌ವರ್ಕಿನ ಡ್ರೈವರಾದ ಎನ್‌ಡಿಐಎಸ್ ಅದೇ ಹಳ್ಳಕ್ಕೆ ಬಿತ್ತು. ಅಲ್ಲೂ ಅದೇ ಅಳತೆ, ಅದೇ ಭಾಗಾಕಾರ. ಕಳೆದ ಹೊತ್ತು ಸೊನ್ನೆ ಎಂದು ಬಂತು. ಸೊನ್ನೆಯಿಂದ ಭಾಗಿಸು ಎಂದರೆ ಯಾವ ಪ್ರೊಸೆಸರೂ ಒಪ್ಪುವುದಿಲ್ಲ.

ಅತಿಯಾದರೆ ಅಮೃತವೂ ವಿಷ ಎನ್ನುತ್ತೇವಲ್ಲ, ವಿಂಡೋಸ್ 95ರ ಪಾಲಿಗೆ ಇದು ಅಕ್ಷರಶಃ ನಿಜವಾಯಿತು. ಈಗಿನ ಯಾವ ಪ್ರೊಸೆಸರಾದರೂ ಆ 2.1 ಗಿಗಾಹರ್ಟ್ಸನ್ನು ಸಲೀಸಾಗಿ ದಾಟುತ್ತದೆ. ವರ್ಚುವಲ್ ಮೆಷಿನ್ನಿನ ಒಳಗೂ ಓಡುವುದು ಅದೇ ಪ್ರೊಸೆಸರ್. ವರ್ಚುವಲ್ ಮೆಷಿನ್ನಿನ ಸೆಟ್ಟಿಂಗ್ಸ್‌ನಲ್ಲಿ ಎಕ್ಸಿಕ್ಯೂಶನ್ ಕ್ಯಾಪ್ ಎಂಬ ಗುಂಡಿ ಇದೆಯಲ್ಲ, ವೇಗ ಇಳಿಸಿಬಿಡೋಣ ಎನ್ನುವವರಿಗೆ ಒಂದು ಮಾತು: ಅದು ನೆಚ್ಚುವಂಥದ್ದಲ್ಲ. ಅದು ಪ್ರೊಸೆಸರನ್ನು ನಿಧಾನ ಮಾಡುವುದಿಲ್ಲ, ತಡೆತಡೆದು ಓಡಿಸುತ್ತದೆ. ಓಡುವಷ್ಟು ಹೊತ್ತು ಪೂರ್ತಿ ವೇಗವೇ. ನಿಮಗೆ ವಿಂಡೋಸ್ 95 ಬೇಕೇ ಬೇಕು ಎಂಬ ಹಟವಿಲ್ಲದಿದ್ದರೆ 1999ರಲ್ಲಿ ಬಂದ ವಿಂಡೋಸ್ 98ರ ಸೆಕೆಂಡ್ ಎಡಿಶನ್ ಹಿಡಿಯಿರಿ. ಈ ಗೋಳು ಅಲ್ಲಿ ಬಹುಮಟ್ಟಿಗೆ ಕಮ್ಮಿ.

ಆದರೆ ಸೆಕೆಂಡ್ ಎಡಿಶನ್ನಿಗೂ ಇನ್ನೊಂದು ಅತಿ ಕಾದಿದೆ. ಮೆಮೊರಿಯ ಯಾವ ವಿಳಾಸ ನಿಜವಾಗಿ ಎಲ್ಲಿದೆ ಎಂಬುದನ್ನು ಪ್ರೊಸೆಸರು ಒಂದು ಪುಟ್ಟ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಟಿಎಲ್‌ಬಿ ಎನ್ನುತ್ತಾರೆ. ವಿಂಡೋಸ್ 98 ಕೆಲವು ಕಡೆ ವಿಳಾಸ ಬದಲಿಸಿ, ಹಳೆಯದನ್ನು ಅಳಿಸು ಎಂದು ಹೇಳುವುದನ್ನು ಮರೆಯುತ್ತದೆ. ಹಳೆಯ ಪ್ರೊಸೆಸರುಗಳ ಪಟ್ಟಿ ಚಿಕ್ಕದು, ಹಳೆಯ ವಿಳಾಸ ತಾನಾಗಿ ಅಳಿಸಿಹೋಗುತ್ತಿತ್ತು. ಎಎಂಡಿಯ ಜೆನ್ 2 ಪೀಳಿಗೆಯಿಂದ ಈಚೆಗೆ, ಇಂಟೆಲ್‌ನ 11ನೆಯ ಪೀಳಿಗೆಯಿಂದ ಈಚೆಗೆ ಅದು ಹಾಗೆ ಅಳಿಸಿಹೋಗುವುದಿಲ್ಲ. ಆಗ ಇನ್‌ಸ್ಟಾಲ್ ಆಗುವಾಗಲೇ ಗೊತ್ತುಗುರಿಯಿಲ್ಲದೆ ಎರರುಗಳು: ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಸಿಡಿ ಕೆಟ್ಟಿದೆ ಎಂದು ಸಿಡಿ ಒರೆಸುತ್ತ ಕೂರಬೇಡಿ. ಪ್ಯಾಚರ್-9ಎಕ್ಸ್ ಎಂಬ ಉಚಿತ ತಂತ್ರಾಂಶವಿದೆ, ಫ್ಲಾಪಿಯ ಇಮೇಜ್ ರೂಪದಲ್ಲಿ, ಅಂದರೆ ಇಡೀ ಫ್ಲಾಪಿಯ ನಕಲಾದ ಒಂದು ಫೈಲಾಗಿ ಸಿಗುತ್ತದೆ. ಸೆಟಪ್ ಫೈಲುಗಳನ್ನೆಲ್ಲ ನಕಲು ಮಾಡಿ ಮೊದಲ ಸಲ ರೀಸ್ಟಾರ್ಟ್ ಆಗುತ್ತದಲ್ಲ, ಆಗ ಆ ಫ್ಲಾಪಿಯಿಂದ ಬೂಟ್ ಮಾಡಿ ಅದನ್ನು ಓಡಿಸಿ. ನಂತರ ಫ್ಲಾಪಿ ತೆಗೆದು ಮುಂದುವರಿಸಿ. ಮೇಲೆ ಹೇಳಿದ ವೇಗದ ದೋಷವನ್ನೂ ಅದೇ ಸರಿಪಡಿಸುತ್ತದೆ.

ಗಡಿಯಾರ ನೋಡಿದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಅದಕ್ಕೇ ಹೋಯಿತು. ಇರಲಿ. ಈಗ ಕಾಗದ ಪೆನ್ನು ತೆಗೆದುಕೊಳ್ಳಿ, ಬೇಗ ಹೇಳುತ್ತೇನೆ.

ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಹೊಸ ಮೆಷಿನ್, ಬಗೆ ವಿಂಡೋಸ್ 98. ಮೆಮೊರಿ 256 ಎಂಬಿ. ಪ್ರೊಸೆಸರ್ ಒಂದು, ಎರಡು ಕೊಟ್ಟರೂ ವಿಂಡೋಸ್ 98ಕ್ಕೆ ಎರಡನೆಯದು ಕಾಣುವುದೇ ಇಲ್ಲ. ಡಿಸ್ಕು 4 ಜಿಬಿ, ಐಡಿಇ ಕಂಟ್ರೋಲರಿಗೆ. ಸಾಟಾ ಬೇಡ, ಅದಕ್ಕೆ ಇದರಲ್ಲಿ ಡ್ರೈವರಿಲ್ಲ. ಇಎಫ್‌ಐ ಗುರುತು ತೆಗೆಯಿರಿ, ಐಒ-ಎಪಿಐಸಿ ಗುರುತನ್ನೂ ತೆಗೆಯಿರಿ. ಮೌಸು ಪಿಎಸ್-2. ಧ್ವನಿಗೆ ಸೌಂಡ್ ಬ್ಲಾಸ್ಟರ್ 16. ನೆಟ್‌ವರ್ಕ್ ಕಾರ್ಡು ಪಿಸಿನೆಟ್, ಯಾಕೆಂದರೆ ಅದರ ಡ್ರೈವರ್ ವಿಂಡೋಸ್ 98ರ ಸಿಡಿಯಲ್ಲೇ ಇದೆ. ಇಂಟೆಲ್ ಗಿಗಾಬಿಟ್ ಕಾರ್ಡು ಕೊಟ್ಟರೆ ಅದು ಕಣ್ಣುಕಣ್ಣು ಬಿಡುತ್ತದೆ. ನೋಡಿದಿರಾ, ಎಲ್ಲ ಕಡೆಯೂ ಅದೇ: ಕಮ್ಮಿ, ಹಳೆಯದು.

ಸಿಡಿ ಹಾಗೂ ಅದರ 25 ಅಕ್ಷರದ ಪ್ರಾಡಕ್ಟ್ ಕೀ ನಿಮ್ಮದೇ ಇರಬೇಕು. 2006ರ ಜುಲೈ 11ಕ್ಕೆ ಮೈಕ್ರೋಸಾಫ್ಟ್ ಇದರ ಬೆಂಬಲ ನಿಲ್ಲಿಸಿತು, ಹಕ್ಕು ಬಿಟ್ಟುಕೊಟ್ಟಿಲ್ಲ. ಆನ್‌ಲೈನ್ ಆಕ್ಟಿವೇಶನ್ ಮಾತ್ರ ಇಲ್ಲ, ವಿಂಡೋಸಿನಲ್ಲಿ ಅದು ಶುರುವಾದದ್ದು ಎಕ್ಸ್‌ಪಿಯಿಂದ.

ಸಿಡಿಯಿಂದ ಅಥವಾ ಬೂಟ್ ಫ್ಲಾಪಿಯ ಇಮೇಜಿನಿಂದ ಶುರು ಮಾಡಿ, ಸಿಡಿ-ರಾಮ್ ಬೆಂಬಲದೊಂದಿಗೆ ಎಂಬುದನ್ನು ಆರಿಸಿ. ಕಪ್ಪು ಪರದೆ ಬಂದಾಗ ಎಫ್‌ಡಿಸ್ಕ್ ಎಂದು ಟೈಪ್ ಮಾಡಿ. ದೊಡ್ಡ ಡಿಸ್ಕಿನ ಬೆಂಬಲ ಬೇಕೆ ಎಂದು ಕೇಳಿದರೆ ವೈ ಒತ್ತಿ. ಎನ್ ಒತ್ತಿದರೆ ಒಂದು ಭಾಗ 2 ಜಿಬಿಗೇ ನಿಲ್ಲುತ್ತದೆ. ಪ್ರೈಮರಿ ಪಾರ್ಟಿಷನ್ ಮಾಡಿ, ರೀಸ್ಟಾರ್ಟ್ ಮಾಡಿ. ಈ ರೀಸ್ಟಾರ್ಟ್ ತಪ್ಪಿಸಿದರೆ ಮುಂದಿನದು ನಡೆಯುವುದಿಲ್ಲ. ಆಮೇಲೆ ಫಾರ್ಮ್ಯಾಟ್, ಒಂದು ಜಾಗ, ಸಿ, ಕೋಲನ್.

ಇಲ್ಲೊಂದು ಎಚ್ಚರ. ಬೂಟ್ ಫ್ಲಾಪಿ ಮೆಮೊರಿಯಲ್ಲಿ ಒಂದು ಪುಟ್ಟ ಡ್ರೈವ್ ಮಾಡಿಕೊಳ್ಳುತ್ತದೆ. ಡಿಸ್ಕು ಸಿ ಆದ ಮೇಲೆ ಆ ಡ್ರೈವ್ ಡಿ ಆಗುತ್ತದೆ, ಸಿಡಿ ಇ-ಗೆ ಸರಿಯುತ್ತದೆ. ಡಿ-ಯಲ್ಲಿ ಸೆಟಪ್ ಹುಡುಕಿ, ಇಲ್ಲವೆಂದು ಗಾಬರಿಯಾಗಬೇಡಿ. ಸಿಡಿಯ ವಿನ್-98 ಫೋಲ್ಡರನ್ನು ಸಿ-ಗೆ ನಕಲು ಮಾಡಿಕೊಂಡು, ಅಲ್ಲಿಂದಲೇ ಸೆಟಪ್ ಓಡಿಸಿ. ಮುಂದೆ ಪ್ರತಿಯೊಂದು ಡ್ರೈವರಿಗೂ ಸಿಡಿ ಹಾಕು ಎಂದು ಅದು ಪೀಡಿಸುವುದು ತಪ್ಪುತ್ತದೆ. ಸೆಟಪ್ ಎಂದ ಮೇಲೆ ಒಂದು ಜಾಗ, ಮುಂದಕ್ಕೆ ವಾಲಿದ ಓರೆಗೆರೆ, ಪಿ, ಒಂದು ಜಾಗ, ಜೆ. ಇದು ಎಸಿಪಿಐ, ಅಂದರೆ ಯಂತ್ರದ ಭಾಗಗಳನ್ನೂ ವಿದ್ಯುತ್ತನ್ನೂ ನಿರ್ವಹಿಸುವ ಪದ್ಧತಿಯನ್ನು ಬಳಸಲು ಹೇಳುವ ಆದೇಶ. ಇದನ್ನು ಬಿಟ್ಟರೆ ಕೆಲವೊಮ್ಮೆ ಪಿಸಿಐ ಕಾರ್ಡುಗಳೇ ಕಣ್ಣಿಗೆ ಬೀಳುವುದಿಲ್ಲ.

ಇನ್‌ಸ್ಟಾಲ್ ಮುಗಿದಾಗ ಪರದೆ 640 ಗುಣಿಸು 480, ಬಣ್ಣ 16. ಅದು ಕೆಟ್ಟದ್ದಲ್ಲ, ಡ್ರೈವರ್ ಇಲ್ಲ ಅಷ್ಟೆ. ವರ್ಚುವಲ್‌ಬಾಕ್ಸಿನವರು ವಿಂಡೋಸ್ 98ಕ್ಕೆ ಗೆಸ್ಟ್ ಅಡಿಷನ್ಸ್ ಮಾಡಿಲ್ಲ. ವಿಬಿಇಎಂಪಿ ಎಂಬ ಸಾಮಾನ್ಯ ವೆಸಾ ಡ್ರೈವರ್ ಹಾಕಿಕೊಳ್ಳಿ. ಈ ಗೊಡವೆಯೇ ಬೇಡ ಎನ್ನುವವರು ವರ್ಚುವಲ್‌ಬಾಕ್ಸ್ ಬಿಟ್ಟು ಕ್ಯೂಎಂಯು ಎಂಬ ಅಂಥದ್ದೇ ಇನ್ನೊಂದು ತಂತ್ರಾಂಶ ಬಳಸಿ ಸಿರಸ್ ಎಂಬ ಪರದೆಯ ಕಾರ್ಡು ಆರಿಸಲಿ, ಅದರ ಡ್ರೈವರ್ ವಿಂಡೋಸಿನಲ್ಲೇ ಇದೆ. ಸೌಂಡ್ ಕಾರ್ಡು ತಾನಾಗಿ ಸಿಗದಿದ್ದರೆ ಆಡ್ ನ್ಯೂ ಹಾರ್ಡ್‌ವೇರ್‌ಗೆ ಹೋಗಿ ಕೈಯಾರೆ ಕೊಡಿ: ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1 ಮತ್ತು 5.

ಇಂಟರ್ನೆಟ್ಟು? ಬೇಡ. 2006ರಿಂದ ಒಂದು ಭದ್ರತಾ ತಿದ್ದುಪಡಿಯೂ ಬಂದಿಲ್ಲ. ಅದರ ಬ್ರೌಸರಿಗೆ ಈಗಿನ ಸುರಕ್ಷಿತ ತಾಣಗಳು ತೆರೆಯುವುದೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಕೇಬಲ್ ಕನೆಕ್ಟೆಡ್ ಎಂಬ ಗುರುತು ತೆಗೆದುಬಿಡಿ. ಅಲ್ಲೂ ಕಮ್ಮಿಯೇ ಕ್ಷೇಮ.

ಹಾಗಾದರೆ ಫೈಲುಗಳನ್ನು ಒಳಗೆ ಕಳಿಸುವುದು ಹೇಗೆ? ಅವನ್ನು ಒಂದು ಐಎಸ್‌ಒ ಇಮೇಜ್ ಮಾಡಿ, ಮೆಷಿನ್ನಿನ ಸಿಡಿ ಡ್ರೈವಿಗೆ ಹಾಕಿ. ಜೋಲಿಯೆಟ್ ಆಯ್ಕೆ ಇರಲಿ, ಇಲ್ಲದಿದ್ದರೆ ಉದ್ದ ಹೆಸರುಗಳು ಎಂಟು ಅಕ್ಷರಕ್ಕೆ ಕತ್ತರಿಸಿಹೋಗುತ್ತವೆ. ಹೊರಗೆ ತರಲು, ಮೊದಲು ಸ್ಟಾರ್ಟ್ ಮೆನುವಿನಿಂದ ಶಟ್‌ಡೌನ್ ಮಾಡಿ, ನಂತರ 7-ಜಿಪ್ ತಂತ್ರಾಂಶದಲ್ಲಿ ಆ ಮೆಷಿನ್ನಿನ ಡಿಸ್ಕಾದ ವಿಡಿಐ ಫೈಲನ್ನು ತೆರೆಯಿರಿ. ಒಳಗಿನ ಫೋಲ್ಡರುಗಳು ಕಾಣುತ್ತವೆ, ಬೇಕಾದದ್ದನ್ನು ಎಳೆದುಕೊಳ್ಳಿ. ಲಿನಕ್ಸ್ ಬಳಸುವವರ ಬಳಿ ಕಚ್ಚಾ ಇಮೇಜ್ ಇದ್ದರೆ ಮೌಂಟ್ ಮಾಡುವಾಗ ಆಫ್‌ಸೆಟ್ 32256 ಕೊಡಬೇಕು. ಎಫ್‌ಡಿಸ್ಕ್ ಮಾಡಿದ ಮೊದಲ ಭಾಗ 63ನೆಯ ಸೆಕ್ಟರಿನಿಂದ ಶುರು, ಸೆಕ್ಟರಿಗೆ 512 ಬೈಟು, ಗುಣಿಸಿದರೆ ಅಷ್ಟು. ಮೆಷಿನ್ ಓಡುತ್ತಿರುವಾಗ ಮಾತ್ರ ಆ ಇಮೇಜನ್ನು ಹೊರಗಿನಿಂದ ಮುಟ್ಟಬೇಡಿ. ಇಬ್ಬರೂ ಒಂದೇ ಡಿಸ್ಕಿಗೆ ಬರೆದರೆ ಫೈಲುಗಳ ಪಟ್ಟಿಯೇ ಕಲಸಿಹೋಗುತ್ತದೆ. ಹಾಗೆ ಆದಾಗ ಹಿಂದಕ್ಕೆ ಹೋಗಲು, ಮೆಷಿನ್ನನ್ನು ಇದ್ದಂತೆಯೇ ಹಿಡಿದಿಡುವ ಒಂದು ಸ್ನ್ಯಾಪ್‌ಶಾಟ್ ಇರಲಿ, ಡ್ರೈವರುಗಳೆಲ್ಲ ಸರಿಯಾದ ಕೂಡಲೇ ತೆಗೆದಿಟ್ಟದ್ದು.

ಸಮಯ ಆಯಿತು ಎಂದು ಸನ್ನೆ ಮಾಡುತ್ತಿದ್ದಾರೆ. 256 ಎಂಬಿ. ಬರೆದುಕೊಂಡಿರಲ್ಲ? ನಮಸ್ಕಾರ.