ಮೂಗಿನ ತಂಪು ಮತ್ತು ಹಕ್ಕಿಜ್ವರದ ಕಿಣ್ವ

ನಮಸ್ಕಾರ. ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ನಮ್ಮ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಈ ವೈರಸ್ ಮನುಷ್ಯನ ಜೀವಕೋಶಕ್ಕೆ ಅಂಟಿಕೊಳ್ಳಬಲ್ಲದೇ? ಒಳಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ನಕಲು ಮಾಡಿಕೊಳ್ಳಲು ಅದು ಬಳಸುವ ಪಾಲಿಮರೇಸ್ ಎಂಬ ಕಿಣ್ವವು ಯಾವ ಉಷ್ಣತೆಯಲ್ಲಿ ಚುರುಕಾಗಿರುತ್ತದೆ ಎಂಬುದಕ್ಕೂ ಅಷ್ಟೇ ಗಮನ ಸಲ್ಲಬೇಕೆಂಬುದು ನನ್ನ ವಾದ.

ಹಕ್ಕಿಜ್ವರ ತರುವ ಇನ್‌ಫ್ಲುಯೆಂಜಾ ಎ ವೈರಸ್ಸಿನ ಮೂಲ ನೆಲೆ ನೀರುಹಕ್ಕಿಗಳು. ಬಾತುಗಳಲ್ಲಿ ಅದು ಹೆಚ್ಚಾಗಿ ಬೆಳೆಯುವುದು ಕರುಳಿನಲ್ಲಿ, ಸುಮಾರು 41 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ನಮ್ಮ ಮೂಗಿನೊಳಗೆ ಇರುವುದು ಸುಮಾರು 33 ಡಿಗ್ರಿ, ಶ್ವಾಸಕೋಶದ ಆಳದಲ್ಲಿ 37. ಹಕ್ಕಿಯ ಮೈಶಾಖಕ್ಕೆ ಒಗ್ಗಿದ ಪಾಲಿಮರೇಸ್ ಮೂಗಿನ ಈ ತಂಪಿನಲ್ಲಿ ಮಂಕಾಗುತ್ತದೆ. ಆದರೆ ಪಿಬಿ2 ಎಂಬ ಅದರ ಘಟಕದ 627ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಕೊಂಡಿ) ಹೋಗಿ ಲೈಸಿನ್ ಎಂಬ ಇನ್ನೊಂದು ಬಂದರೆ ಆ ತಡೆ ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ. ಕಾರಣ ಉಷ್ಣತೆಯೊಂದೇ ಅಲ್ಲ. ಈ ಕಿಣ್ವಕ್ಕೆ ಆತಿಥೇಯ ಜೀವಿಯ ಎಎನ್‌ಪಿ32ಎ ಎಂಬ ಪ್ರೋಟೀನಿನ ನೆರವು ಬೇಕು. ಹಕ್ಕಿಗಳಲ್ಲಿ ಆ ಪ್ರೋಟೀನಿಗೆ ಇರುವ 33 ಅಮೈನೋ ಆಮ್ಲಗಳ ಹೆಚ್ಚುವರಿ ತುಣುಕು ನಮ್ಮಲ್ಲಿಲ್ಲ ಎಂಬುದು 2016ರಲ್ಲಿ ಸ್ಪಷ್ಟವಾಯಿತು. ಲೈಸಿನ್ ಆ ಕೊರತೆಯನ್ನೂ ತುಂಬಿಕೊಡುತ್ತದೆ.

2024ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಹೈನು ಕಾರ್ಮಿಕರೊಬ್ಬರಲ್ಲಿ ಸಿಕ್ಕ ಎಚ್5ಎನ್1 ಎಂಬ ಹಕ್ಕಿಜ್ವರದ ವೈರಸ್ಸಿನಲ್ಲಿ ಇದೇ ಬದಲಾವಣೆಯಿತ್ತು. ಅವರಿಗೆ ಕಣ್ಣು ಕೆಂಪಾದದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ, ಆದ್ದರಿಂದ ಈ ಒಂದು ಬದಲಾವಣೆಯೇ ಸಾಂಕ್ರಾಮಿಕಕ್ಕೆ ಸಾಕೆಂದು ಯಾರೂ ಹೆದರಿಸಬೇಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದರ ಮತ್ತೊಂದು ಮಗ್ಗುಲು. ಜ್ವರ ಬಂದಾಗ ಏರುವ ಮೈಶಾಖವು ಮನುಷ್ಯರಿಗೆ ಒಗ್ಗಿದ ಫ್ಲೂ ವೈರಸ್ಸನ್ನು ಹಿಮ್ಮೆಟ್ಟಿಸುತ್ತದೆ. 41 ಡಿಗ್ರಿಯಲ್ಲೇ ಬೆಳೆದ ಕಿಣ್ವಕ್ಕೆ ಅದು ಲೆಕ್ಕಕ್ಕಿಲ್ಲ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳ ಮೈಶಾಖವನ್ನು ಜ್ವರದ ಮಟ್ಟಕ್ಕೆ ಏರಿಸಿದಾಗ, ಪಾಲಿಮರೇಸ್‌ನ ಇನ್ನೊಂದು ಘಟಕವಾದ ಪಿಬಿ1 ಹಕ್ಕಿಮೂಲದ್ದಾಗಿದ್ದ ವೈರಸ್ ಅದನ್ನು ತಾಳಿಕೊಂಡಿತು. 1957 ಮತ್ತು 1968ರ ಮಹಾಸಾಂಕ್ರಾಮಿಕಗಳ ವೈರಸ್ಸುಗಳು ಪಿಬಿ1 ಅನ್ನು ಪಡೆದದ್ದು ಹಕ್ಕಿಗಳಿಂದಲೇ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 2025ರಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಸುದ್ದಿಯಾದದ್ದು ಹೆಚ್ಚಾಗಿ ಕೊಂದ ಕೋಳಿಗಳ ಲೆಕ್ಕ. ಆ ಲೆಕ್ಕ ರೈತರಿಗೆ ಬೇಕು, ನಿಜ. ಆದರೆ ಮುಂದಿನ ಸಲ ಎಚ್5ಎನ್1 ದೃಢಪಟ್ಟಿದೆ ಎಂಬ ಒಂದು ಸಾಲಿನ ಜೊತೆಗೆ, ಪಿಬಿ2ರ 627ನೆಯ ಸ್ಥಾನದಲ್ಲೂ, ಸಸ್ತನಿಗಳಿಗೆ ಒಗ್ಗುವಾಗ ಹಾಗೆಯೇ ಬದಲಾಗಬಲ್ಲ 631 ಮತ್ತು 701ನೆಯ ಸ್ಥಾನಗಳಲ್ಲೂ ಏನು ಕಂಡಿತೆಂಬುದನ್ನೂ ಸಾರ್ವಜನಿಕರಿಗೆ ತಿಳಿಸಬೇಕೆಂದು ನಾವು ಕೇಳಬೇಕು.